ಓದುಗರ ಪತ್ರ, ನನ್ನ ಉತ್ತರ: ಬ್ರಿಟನ್ ಮನೆಯ ಪಾಲುಪಟ್ಟಿ

ಕಳೆದ ಸಂಚಿಕೆಯಲ್ಲಿ ಕಡೂರಿನ ಓದುಗರೊಬ್ಬರು, ‘ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟಿದ್ದು ಸರಿಯಾ, ತಪ್ಪಾ?’ ಎಂದು ಕೇಳಿದ್ದರು. ಪುಟದಲ್ಲಿ ಜಾಗ ಇರಲಿಲ್ಲ. ‘ಸರಿಯೋ ತಪ್ಪೋ ಅಲ್ಲಿನವರು ಹೇಳಬೇಕು. ಜನರನ್ನು ಕೇಳಿದ ರೀತಿ ಮಾತ್ರ ತಪ್ಪು’ ಎಂದು ಎರಡು ಸಾಲು ಬರೆದು ಮುಗಿಸಿದ್ದೆ. ಅದಕ್ಕೆ 19 ಪತ್ರ ಬಂದಿವೆ. ಅರ್ಧದಷ್ಟು ಪತ್ರಗಳಲ್ಲಿ ಸಿಟ್ಟಿದೆ. ಹಾಗಾಗಿ ಈ ಸಲ ಅಡುಗೆ, ಕಾನೂನು, ಪರೀಕ್ಷೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಇದೊಂದನ್ನೇ ಎತ್ತಿಕೊಂಡಿದ್ದೇನೆ.

ಮೇಡಂ, 52 ಪರ್ಸೆಂಟ್ ಜನ ಬಿಡೋಣ ಅಂದರು. ಬಹುಮತ ಬಂದ ಮೇಲೆ ಮಾತು ಮುಗೀತು ಅಲ್ವಾ? ಕೇಳಿದ ರೀತಿಯಲ್ಲಿ ಏನು ತಪ್ಪು? ನೀವು ಸೋತವರ ಪರ ಮಾತಾಡ್ತಿದ್ದೀರಾ?
*ಬಿ.ಎ. ವಿದ್ಯಾರ್ಥಿ, ತರೀಕೆರೆ*

ಇಲ್ಲಪ್ಪ. ಗೆದ್ದವರು ಗೆದ್ದಿದ್ದು ನಿಜ. 2016ರ ಜೂನ್ 23ರ ಜನಮತಗಣನೆಯಲ್ಲಿ ಸುಮಾರು 1 ಕೋಟಿ 74 ಲಕ್ಷ ಜನ ‘ಬಿಡೋಣ’ ಎಂದರು. 1 ಕೋಟಿ 61 ಲಕ್ಷ ಜನ ‘ಇರೋಣ’ ಎಂದರು. 51.9ಕ್ಕೆ 48.1. ಮತದಾರರಲ್ಲಿ ನೂರಕ್ಕೆ 72 ಜನ ಬಂದು ಮತ ಹಾಕಿದ್ದರು. ಯಾರೂ ಮೋಸದಿಂದ ಎಣಿಸಲಿಲ್ಲ.

ನನ್ನ ತಕರಾರು ಆ ಚೀಟಿಯ ಮೇಲೆ. ಅದರಲ್ಲಿ ಇದ್ದದ್ದು ಒಂದೇ ಪ್ರಶ್ನೆ, ಎರಡೇ ಚೌಕ. ಒಕ್ಕೂಟದಲ್ಲಿ ಇರಬೇಕೋ, ಬಿಡಬೇಕೋ. ಬಿಟ್ಟ ಮೇಲೆ ಹೇಗೆ ಬಾಳಬೇಕು ಎಂದು ಯಾರೂ ಕೇಳಿರಲಿಲ್ಲ.

ನಮ್ಮ ತಂದೆಯ ಮನೆ ಆಲ್ದೂರಿನ ಕಡೆ. ಅಣ್ಣ ತಮ್ಮಂದಿರು ಮೂವರು. 12 ಎಕರೆ ಕಾಫಿ, ಒಂದಿಷ್ಟು ಗದ್ದೆ, ಒಂದು ಬಾವಿ, ಒಂದು ಕಣ. 1981ರ ದೀಪಾವಳಿ ಮಾರನೇ ದಿನ ಊಟಕ್ಕೆ ಕೂತಾಗ ದೊಡ್ಡಪ್ಪ, ‘ಇನ್ನು ಸಾಕು, ಪಾಲಾಗೋಣ’ ಅಂದರು. ಮೂವರೂ ಹೂಂ ಅಂದರು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಜ್ಜಿ ಒಬ್ಬರೇ ಬೇಡ ಅಂದದ್ದು. ಆ ಹೂಂಗೆ ಐದು ನಿಮಿಷವೂ ಹಿಡಿಯಲಿಲ್ಲ. ಪಾಲುಪಟ್ಟಿ ರಿಜಿಸ್ಟರ್ ಆಗಿದ್ದು 1988ರಲ್ಲಿ.

ಏಳು ವರ್ಷ ಯಾಕೆ ಹಿಡೀತು ಗೊತ್ತಾ? ಮೂವರೂ ‘ಪಾಲು’ ಎಂದಾಗ ಮೂವರ ತಲೆಯಲ್ಲೂ ಬೇರೆ ಬೇರೆ ಪಾಲು ಇತ್ತು. ದೊಡ್ಡಪ್ಪನಿಗೆ ಒಲೆ ಬೇರೆ ಆದರೆ ಸಾಕಿತ್ತು. ತೋಟ ಒಟ್ಟಿಗೇ ನಡೆಯಲಿ ಅಂತಿದ್ದರು. ಚಿಕ್ಕಪ್ಪನಿಗೆ ತಮ್ಮ ಭಾಗ ಮಾರಿ ಪೇಟೆ ಸೇರಬೇಕಿತ್ತು. ನಮ್ಮಪ್ಪನಿಗೆ ಗಡಿಕಲ್ಲು ನೆಟ್ಟು ಬೇಲಿ ಹಾಕಬೇಕಿತ್ತು. ಮೂವರದ್ದೂ ‘ಹೂಂ’ ಆಗಿದ್ದರಿಂದ ಒಗ್ಗಟ್ಟಿದೆ ಅನ್ನಿಸಿತ್ತು. ಪಟ್ಟಿ ಬರೆಯೋಕೆ ಕೂತ ದಿನ ಗೊತ್ತಾಯ್ತು, ಯಾವ ಇಬ್ಬರಿಗೂ ಒಮ್ಮತ ಇಲ್ಲ ಅಂತ.

ಬ್ರಿಟನ್‌ನಲ್ಲೂ ಆಗಿದ್ದು ಇದೇ. ಬಿಡೋಣ ಅಂದವರಲ್ಲಿ ಕೆಲವರಿಗೆ ನಾರ್ವೆಯ ಹಾಗೆ ಒಕ್ಕೂಟದ ಹೊರಗಿದ್ದೂ ಅದರ ಮಾರುಕಟ್ಟೆಯಲ್ಲಿ ಇರಬೇಕಿತ್ತು. ಕೆಲವರಿಗೆ ಕೆನಡಾದ ಹಾಗೆ ಬರೀ ವ್ಯಾಪಾರದ ಒಪ್ಪಂದ ಸಾಕಿತ್ತು. ಇನ್ನು ಕೆಲವರು ಒಪ್ಪಂದವೇ ಬೇಡ, ಹೊರಟು ಹೋಗೋಣ ಅಂದರು. 2019ರ ಮಾರ್ಚ್ 27ರಂದು ಅಲ್ಲಿನ ಸಂಸತ್ತು ಎಂಟು ದಾರಿಗಳನ್ನು ಒಂದೊಂದಾಗಿ ಮತಕ್ಕೆ ಹಾಕಿತು. ಎಂಟಕ್ಕೆ ಎಂಟೂ ಬಿದ್ದವು. ಏಪ್ರಿಲ್ 1ಕ್ಕೆ ನಾಲ್ಕನ್ನು ಮತ್ತೆ ಹಾಕಿದರು. ಅವೂ ಬಿದ್ದವು. ಪ್ರಧಾನಿ ತೆರೇಸಾ ಮೇ ಒಕ್ಕೂಟದವರ ಜೊತೆ ಕೂತು ಮಾಡಿಕೊಂಡು ಬಂದ ಒಪ್ಪಂದ ಮೂರು ಸಲ ಸೋತಿತು. ಮೊದಲ ಸಲ 432ಕ್ಕೆ 202. ಅವರನ್ನು ಸೋಲಿಸಿದವರಲ್ಲಿ ‘ಇರೋಣ’ದವರೂ ಇದ್ದರು, ‘ಬಿಡೋಣ’ದವರೂ ಇದ್ದರು.

ಎಲ್ಲಕ್ಕಿಂತ ಕಷ್ಟವಾದದ್ದು ಐರ್ಲೆಂಡಿನ ಗಡಿ. ಇದನ್ನು ನಮ್ಮ ಪತ್ರಿಕೆಗಳು ಸರಿಯಾಗಿ ಬಿಡಿಸಿ ಹೇಳಲೇ ಇಲ್ಲ, ಆದ್ದರಿಂದ ಸ್ವಲ್ಪ ಹೇಳುತ್ತೇನೆ. ಉತ್ತರ ಐರ್ಲೆಂಡ್ ಬ್ರಿಟನ್‌ಗೆ ಸೇರಿದೆ. ದಕ್ಷಿಣದ ಐರ್ಲೆಂಡ್ ಬೇರೆ ದೇಶ, ಒಕ್ಕೂಟದ ಸದಸ್ಯ. ನಡುವೆ ಸುಮಾರು 500 ಕಿಲೋಮೀಟರ್ ಗಡಿ. ಇನ್ನೂರಕ್ಕೂ ಹೆಚ್ಚು ಕಡೆ ರಸ್ತೆ ಅದನ್ನು ದಾಟುತ್ತದೆ. 30 ವರ್ಷ ಅಲ್ಲಿ ರಕ್ತ ಹರಿದಿತ್ತು. ಸುಮಾರು 3,500 ಜನ ಸತ್ತಿದ್ದರು. 1998ರಲ್ಲಿ ಶಾಂತಿ ಒಪ್ಪಂದ ಆಯ್ತು. ಆಮೇಲೆ ಆ ಗಡಿಯಲ್ಲಿ ಸೈನಿಕರೂ ಇಲ್ಲ, ಗೇಟೂ ಇಲ್ಲ. ಜನ ಈ ಕಡೆ ಹಸು ಕಟ್ಟಿ ಆ ಕಡೆ ಹಾಲು ಹಾಕುತ್ತಾರೆ. ಎರಡೂ ದೇಶ ಒಕ್ಕೂಟದಲ್ಲಿದ್ದಾಗ ಸುಂಕದ ತಪಾಸಣೆಯೇ ಬೇಕಿರಲಿಲ್ಲ. ಒಬ್ಬರು ಹೊರಬಂದರೆ ಎಲ್ಲಾದರೂ ತಪಾಸಣೆ ಆಗಲೇಬೇಕು. ಎಲ್ಲಿ ಮಾಡುತ್ತೀರಿ?

ನಮ್ಮ ಪಾಲಿನಲ್ಲಿ ಬಾವಿ ಚಿಕ್ಕಪ್ಪನ ಭಾಗಕ್ಕೆ ಹೋಗಿತ್ತು. ಕಣ ನಮ್ಮ ಭಾಗಕ್ಕೆ ಬಂದಿತ್ತು. ದೊಡ್ಡಪ್ಪನ ಗದ್ದೆಗೆ ಹೋಗುವ ಹಾದಿ ನಮ್ಮ ತೋಟದ ನಡುವೆ. ಏಳರಲ್ಲಿ ಮೂರು ವರ್ಷ ಆ ಹಾದಿಗೇ ಹೋಯ್ತು. ಅಂತೂ ಕೊನೆಗೆ ‘ಬಾವಿಯ ನೀರಿಗೂ ಗದ್ದೆಯ ಹಾದಿಗೂ ಮೂವರಿಗೂ ಹಕ್ಕು’ ಎಂದು ಪಟ್ಟಿಯಲ್ಲಿ ಬರೆಸಿದರು. ಬ್ರಿಟನ್‌ನವರು ತಪಾಸಣೆಯನ್ನು ತಮಗೂ ಉತ್ತರ ಐರ್ಲೆಂಡಿಗೂ ನಡುವಿನ ಸಮುದ್ರಕ್ಕೆ ಸರಿಸಿದರು. ಅಂದರೆ ತಮ್ಮದೇ ದೇಶದ ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುವ ಸಾಮಾನಿಗೆ ಕಾಗದಪತ್ರ ಬೇಕಾಯ್ತು. ಅದರ ಬಿಸಿ ಆರಲಿಲ್ಲ. 2023ರಲ್ಲಿ ಮತ್ತೆ ಕೂತು ತಿದ್ದುಪಡಿ ಮಾಡಿಕೊಂಡರು. ಮತ ಹಾಕಿದ್ದು 2016ರಲ್ಲಿ.

ಹಾಗಾದರೆ ಹೇಗೆ ಕೇಳಬೇಕಿತ್ತು? ಅವರದ್ದೇ ದೇಶದಲ್ಲಿ, ಎರಡೇ ವರ್ಷದ ಹಿಂದೆ, ಸರಿಯಾಗಿ ಕೇಳಿದ ಉದಾಹರಣೆ ಇತ್ತು. ಸ್ಕಾಟ್ಲೆಂಡ್ ಬ್ರಿಟನ್ ಬಿಡಬೇಕೇ ಎಂದು 2014ರ ಸೆಪ್ಟೆಂಬರ್‌ನಲ್ಲಿ ಮತ ಹಾಕಿದರು. ಬೇರೆಯಾಗೋಣ ಎನ್ನುತ್ತಿದ್ದ ಸ್ಕಾಟ್ಲೆಂಡ್ ಸರ್ಕಾರ ಅದಕ್ಕೂ ಮೊದಲೇ ಆರುನೂರಕ್ಕೂ ಹೆಚ್ಚು ಪುಟದ ದಾಖಲೆ ಹೊರಡಿಸಿತ್ತು. ಹಣ ಯಾವುದು, ಪಿಂಚಣಿ ಯಾರು ಕೊಡುತ್ತಾರೆ, ಸೈನ್ಯ ಏನು, ಎಲ್ಲ ಬರೆದಿತ್ತು. ಜನ ಅದನ್ನು ಹಿಡಿದು ಜಗಳ ಆಡಿದರು. 55ಕ್ಕೆ 45ರಂತೆ ಬೇಡ ಅಂದರು. 2016ರಲ್ಲಿ ಆಗಿದ್ದು ತಿರುಗಾಮುರುಗಾ. ಜನಮತಗಣನೆ ಕರೆದ ಪ್ರಧಾನಿ ಡೇವಿಡ್ ಕ್ಯಾಮರೂನ್‌ಗೆ ಒಕ್ಕೂಟದಲ್ಲಿ ಇರಬೇಕಿತ್ತು. ಬಿಡುವ ತೀರ್ಪು ಬಂದರೆ ಏನು ಮಾಡಬೇಕು ಎಂಬ ತಯಾರಿಯನ್ನೇ ಅವರ ಸರ್ಕಾರ ಮಾಡಿರಲಿಲ್ಲ. ಫಲಿತಾಂಶ ಬಂದ ಬೆಳಿಗ್ಗೆಯೇ ರಾಜೀನಾಮೆ ಹೇಳಿದರು. ಪಟ್ಟಿ ಬರೆಯದೆ ಹೂಂ ಕೇಳಿದರು. ನಾನು ತಪ್ಪು ಅಂದಿದ್ದು ಇದನ್ನೇ.

ಆ ಹೊತ್ತಿನಲ್ಲಿ ನೀವು ಮಗಳ ಬಾಣಂತನಕ್ಕೆ ಇಂಗ್ಲೆಂಡಿನಲ್ಲೇ ಇದ್ದಿರಿ ಅಂತ ಹಿಂದೊಮ್ಮೆ ಬರೆದಿದ್ದಿರಿ. ಮನೆಗಳಲ್ಲಿ ನಿಜವಾಗಿ ಜಗಳ ಆಯ್ತಾ, ಇಲ್ಲ ಪತ್ರಿಕೆಯವರು ದೊಡ್ಡದು ಮಾಡಿದ್ದಾ?
*ಗೃಹಿಣಿ, ಸಕಲೇಶಪುರ*

ಆಯ್ತಮ್ಮ. ನನ್ನ ಕಣ್ಣೆದುರೇ ಆಯ್ತು.

31 ವರ್ಷ ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿ 2016ರ ಫೆಬ್ರವರಿಯಲ್ಲಿ ನಿವೃತ್ತಳಾದೆ. ಮೇ ತಿಂಗಳಲ್ಲಿ ಲೆಸ್ಟರ್‌ಗೆ ಹೊರಟೆ. ಪೆಟ್ಟಿಗೆ ತುಂಬ ಬಾಣಂತಿ ಲೇಹ್ಯ, ಒಣ ಶುಂಠಿ, ಕಾಳುಮೆಣಸು, ಮನೆಯ ಕಾಫಿಪುಡಿ. ನಾನು ಹೋದಾಗ ಆ ಊರಲ್ಲಿ ಹಬ್ಬ. ಅಲ್ಲಿನ ಫುಟ್ಬಾಲ್ ತಂಡ ಯಾರೂ ಎಣಿಸದ ಹಾಗೆ ಪ್ರೀಮಿಯರ್ ಲೀಗ್ ಗೆದ್ದಿತ್ತು. ಕಿಟಕಿ ಕಿಟಕಿಗೂ ನೀಲಿ ಬಾವುಟ. ಗುಜರಾತಿ ಅಂಗಡಿಯಲ್ಲೂ ಅದೇ, ಬಿಳಿಯರ ಬೇಕರಿಯಲ್ಲೂ ಅದೇ. ಆರೇಳು ವಾರದಲ್ಲಿ ಅದೇ ಊರು ಸರಿಯಾಗಿ ಎರಡು ಭಾಗ ಆಯ್ತು. ಇರೋಣ 51.1, ಬಿಡೋಣ 48.9.

ನಮ್ಮ ಮನೆಯೂ ಎರಡು ಭಾಗ. ನನ್ನ ಮಗಳು ಆಸ್ಪತ್ರೆಯಲ್ಲಿ ನರ್ಸ್. ಅಳಿಯ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಇಬ್ಬರದ್ದೂ ಆಗ ಭಾರತದ ಪಾಸ್‌ಪೋರ್ಟ್. ಆದರೂ ಇಬ್ಬರಿಗೂ ಮತ ಇತ್ತು. ಕಾಮನ್‌ವೆಲ್ತ್ ದೇಶಗಳಿಂದ ಬಂದು ಅಲ್ಲಿ ನೆಲೆಸಿದವರಿಗೆ ಅಲ್ಲಿ ಮತದ ಹಕ್ಕಿದೆ. ಪಕ್ಕದ ಮನೆಯಲ್ಲಿ ಪೋಲೆಂಡಿನ ಹೆಂಗಸೊಬ್ಬರು ಇದ್ದರು. ಪೋಲೆಂಡ್ ಒಕ್ಕೂಟದಲ್ಲಿದ್ದದ್ದರಿಂದ ವೀಸಾ ಇಲ್ಲದೆ ಬಂದು ನೆಲೆಸಿದ್ದವರು. 11 ವರ್ಷದಿಂದ ಅಲ್ಲೇ ದುಡಿದು ತೆರಿಗೆ ಕಟ್ಟಿದವರು. ಅವರಿಗೆ ಮತ ಇಲ್ಲ. ಯಾರ ಬದುಕು ಆ ಚೀಟಿಯ ಮೇಲೆ ನಿಂತಿತ್ತೋ ಅವರಿಗೇ ಚೀಟಿ ಇರಲಿಲ್ಲ. ಅಂಥವರು ಆ ದೇಶದಲ್ಲಿ 30 ಲಕ್ಷದಷ್ಟಿದ್ದರು. ನಾನು ಪಾಠ ಮಾಡುವಾಗ ‘ಮತದ ಹಕ್ಕು’ ಎಂದು ಎಷ್ಟು ಸಲ ಹೇಳಿದ್ದೆನೋ. ಅದರ ಅರ್ಥ ನನಗೆ ಬೇಲಿಯಾಚೆ ನಿಂತಿದ್ದ ಆಕೆಯಿಂದ ಗೊತ್ತಾಯ್ತು.

ಮಗಳು ಇರೋಣ ಅನ್ನುತ್ತಿದ್ದಳು. ಅವಳ ವಾರ್ಡಿನಲ್ಲಿ ಸ್ಪೇನಿನವರು, ಪೋರ್ಚುಗಲ್‌ನವರು, ರೊಮೇನಿಯಾದವರು. ‘ಇವರೆಲ್ಲ ಹೋದರೆ ನೈಟ್ ಡ್ಯೂಟಿ ಯಾರಮ್ಮ ಮಾಡೋದು?’ ಎಂದು ಕೇಳುತ್ತಿದ್ದಳು. ಒಂದು ಕೆಂಪು ಬಸ್ ಊರೂರು ಸುತ್ತುತ್ತಿತ್ತು. ವಾರಕ್ಕೆ 35 ಕೋಟಿ ಪೌಂಡ್ ಒಕ್ಕೂಟಕ್ಕೆ ಕಳಿಸುತ್ತಿದ್ದೇವೆ, ಅದನ್ನು ನಮ್ಮ ಆಸ್ಪತ್ರೆಗಳಿಗೆ ಕೊಡೋಣ ಎಂದು ಅದರ ಮೇಲೆ ಬರೆದಿತ್ತು. ಬ್ರಿಟನ್‌ಗೆ ಸಿಗುತ್ತಿದ್ದ ರಿಯಾಯಿತಿಯನ್ನು ಅದರಲ್ಲಿ ಕಳೆದೇ ಇರಲಿಲ್ಲ. ಲೆಕ್ಕ ದಾರಿ ತಪ್ಪಿಸುವಂಥದ್ದು ಎಂದು ಅಂಕಿಅಂಶ ನೋಡುವ ಅಲ್ಲಿನ ಅಧಿಕೃತ ಸಂಸ್ಥೆಯೇ ಹೇಳಿತು. ಬಸ್ ಓಡುತ್ತಲೇ ಇತ್ತು. ಆಸ್ಪತ್ರೆಯಲ್ಲೇ ದುಡಿಯುವ ನನ್ನ ಮಗಳಿಗೆ ಅದನ್ನು ಕಂಡರೆ ಅಳು ಬರುತ್ತಿತ್ತು.

ಅಳಿಯ ಬಿಡೋಣ ಅಂದರು. ಅವರನ್ನು ಕೆಟ್ಟವರು ಅಂದುಕೊಳ್ಳಬೇಡಿ. ಅವರ ತಾಯಿ ಅರಕಲಗೂಡಿನ ಹಳ್ಳಿಯಲ್ಲಿ ಇದ್ದರು. ಮಗನನ್ನು ನೋಡೋಕೆ ಎರಡು ಸಲ ವೀಸಾಗೆ ದುಡ್ಡು ಕಟ್ಟಿದ್ದರು. ಎರಡು ಸಲವೂ ಸಿಗಲಿಲ್ಲ. ‘ಯುರೋಪಿನವರು ಬಸ್ ಹತ್ತಿ ಬರ್ತಾರೆ, ನಮ್ಮಮ್ಮ ಬರೋ ಹಾಗಿಲ್ಲ. ನಮಗೊಂದು ನ್ಯಾಯ, ಅವರಿಗೊಂದು ನ್ಯಾಯನಾ ಅತ್ತೆ?’ ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬಿಡೋಣ ಎನ್ನುತ್ತಿದ್ದ ಸಚಿವೆ ಪ್ರೀತಿ ಪಟೇಲ್ ಕೂಡ, ಯುರೋಪಿನವರ ಬರುವಿಕೆ ಕಮ್ಮಿಯಾದರೆ ನಮ್ಮ ಕಡೆಯ ಅಡುಗೆಯವರಿಗೆ ದಾರಿ ಆಗುತ್ತದೆ ಎಂದು ಕರಿ ಹೋಟೆಲಿನವರಿಗೆ ಹೇಳುತ್ತಿದ್ದರು. ನಮ್ಮವರಲ್ಲಿ ಎಷ್ಟೋ ಜನ ಅದನ್ನು ನಂಬಿದರು.

ಜೂನ್ 16ರ ಮಧ್ಯಾಹ್ನ ಟಿವಿಯಲ್ಲಿ ಸುದ್ದಿ ಬಂತು. ಜೋ ಕಾಕ್ಸ್ ಎಂಬ ಸಂಸದೆಯನ್ನು ಅವರ ಕ್ಷೇತ್ರದಲ್ಲೇ, ನಡುಬೀದಿಯಲ್ಲಿ, ಗುಂಡು ಹೊಡೆದು ಇರಿದು ಕೊಂದಿದ್ದರು. 41 ವರ್ಷ. ಇಬ್ಬರು ಪುಟ್ಟ ಮಕ್ಕಳು. ಇರೋಣ ಎಂದು ಪ್ರಚಾರ ಮಾಡುತ್ತಿದ್ದವರು. ನನ್ನ ಮೊಮ್ಮಗನಿಗೆ ಅವತ್ತು ಹತ್ತು ದಿನ. ಮಗಳು ಅವನನ್ನು ಎದೆಗೆ ಒತ್ತಿಕೊಂಡು ಕೂತುಬಿಟ್ಟಳು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಯಾರ ಜೊತೆಯೂ ವಾದ ಮಾಡಲಿಲ್ಲ. ಇದನ್ನು ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ.

ಮತದ ದಿನ ನಾನೂ ಜೊತೆಗೆ ಹೋಗಿ ಬಾಗಿಲಲ್ಲಿ ನಿಂತಿದ್ದೆ. ಬೆರಳಿಗೆ ನಮ್ಮ ಮೈಸೂರಿನ ಶಾಯಿಯ ಹಾಗೆ ಏನೂ ಇಲ್ಲ. ದಾರ ಕಟ್ಟಿದ ಪೆನ್ಸಿಲ್. ಚೌಕದೊಳಗೆ ಒಂದು ಅಡ್ಡಗೆರೆ, ಇನ್ನೊಂದು ಅಡ್ಡಗೆರೆ. ಗಂಡ ಹೆಂಡತಿ ಒಂದೇ ಕಾರಿನಲ್ಲಿ ಹೋದರು, ಒಂದೇ ಕಾರಿನಲ್ಲಿ ಬಂದರು. ಒಬ್ಬರ ಮತ ಇನ್ನೊಬ್ಬರದನ್ನು ಅಳಿಸಿತ್ತು. ಮಾರನೇ ದಿನ ಬೆಳಗಿನ ಜಾವ ಮಗು ಅತ್ತಿತೆಂದು ಎದ್ದಿದ್ದೆ. 4:40ರ ಹೊತ್ತಿಗೆ ಬಿಬಿಸಿಯವರು ಹೇಳಿಬಿಟ್ಟರು, ದೇಶ ಬಿಡುವ ತೀರ್ಮಾನ ಮಾಡಿದೆ ಅಂತ. ಅಳಿಯ ಕುಣಿಯಲಿಲ್ಲ. ಎದ್ದು ಹೋಗಿ ಎಲ್ಲರಿಗೂ ಕಾಫಿ ಮಾಡಿದರು. ಬೆಳಿಗ್ಗೆ ಕಸದ ಡಬ್ಬಿ ಹೊರಗಿಡುವಾಗ ಪೋಲೆಂಡಿನ ಆಕೆ ಎದುರಾದರು. ಮಗುವಿಗೆಂದು ಹೊಲಿದ ಟೋಪಿ ತಂದುಕೊಟ್ಟಿದ್ದವರು, ನನಗೆ ಬೀಟ್‌ರೂಟ್ ಸಾರು ಕುಡಿಸಿದ್ದವರು. ‘ನಿಮ್ಮ ಮನೆಯಲ್ಲಿ?’ ಎಂದು ಮಾತ್ರ ಕೇಳಿದರು. ಅಳಿಯ ಸುಳ್ಳು ಹೇಳಲಿಲ್ಲ. ಆಕೆ ತಲೆ ಆಡಿಸಿ ಒಳಗೆ ಹೋದರು. ಎರಡು ತಿಂಗಳು ಆ ಬಾಗಿಲು ನಮಗೆ ತೆರೆಯಲಿಲ್ಲ.

ದೊಡ್ಡವರ ಮನೆಗಳೂ ಇದರಿಂದ ಹೊರತಲ್ಲ. ಬಿಡೋಣ ಎಂದವರ ದೊಡ್ಡ ಮುಖ ಬೋರಿಸ್ ಜಾನ್ಸನ್. ಅವರು ಪ್ರಧಾನಿ ಆಗಿ ಎರಡು ತಿಂಗಳೂ ತುಂಬಿರಲಿಲ್ಲ, ಅವರ ಸ್ವಂತ ತಮ್ಮ ಜೋ ಜಾನ್ಸನ್ ಮಂತ್ರಿಗಿರಿ ಬಿಟ್ಟರು. ಮನೆತನದ ನಿಷ್ಠೆಗೂ ದೇಶದ ಹಿತಕ್ಕೂ ನಡುವೆ ಹರಿದುಹೋಗಿದ್ದೇನೆ ಎಂಬ ಅರ್ಥದ ಮಾತು ಹೇಳಿ ಹೊರಟರು.

ನಮ್ಮ ಚಿಕ್ಕಮಗಳೂರಿನವರಿಗೆ ಇಂಥ ಜಗಳ ಹೊಸದಲ್ಲ. 1978ರ ನವೆಂಬರ್‌ನ ಉಪಚುನಾವಣೆ ನೆನಪಿರುವವರು ಇನ್ನೂ ಇದ್ದೀರಿ. ಇಂದಿರಾ ಗಾಂಧಿ ಒಂದು ಕಡೆ, ವೀರೇಂದ್ರ ಪಾಟೀಲ್ ಇನ್ನೊಂದು ಕಡೆ. ನನಗೆ ಆಗ 22. ಅಪ್ಪ ಜನತಾ ಪಕ್ಷ. ಅಮ್ಮ ಇಂದಿರಮ್ಮನ ಕಡೆ. ಹದಿನೈದು ದಿನ ಅಪ್ಪನ ತಟ್ಟೆಗೆ ಅಮ್ಮ ಮಾತಿಲ್ಲದೆ ಬಡಿಸಿದರು. ಇಂದಿರಾ ಗೆದ್ದರು. ಆದರೆ 14 ತಿಂಗಳಿಗೆ ಮತ್ತೆ ಲೋಕಸಭೆ ಚುನಾವಣೆ ಬಂತು. ಸೋತವರಿಗೆ ಮತ್ತೆ ಬಾಗಿಲು ತೆರೆದಿತ್ತು. ಚುನಾವಣೆಯ ಜಗಳಕ್ಕೆ ಮುಂದಿನ ಚುನಾವಣೆ ಮದ್ದು. ಜನಮತಗಣನೆಗೆ ಅಂಥ ಮುಂದಿನ ದಿನ ಇರಲಿಲ್ಲ. ಅದಕ್ಕೇ ಆ ಸಿಟ್ಟು ಅಷ್ಟು ವರ್ಷ ಉಳಿಯಿತು.

ಹೊರಗಿನವರು ಜಾಸ್ತಿ ಆದಾಗ ಸ್ಥಳೀಯರು ಪ್ರಶ್ನೆ ಕೇಳೋದೇ ತಪ್ಪು ಅನ್ನೋ ಹಾಗೆ ಓದಿದವರು ಬರೆಯುತ್ತಾರೆ. ನಮ್ಮ ತೋಟಗಳಿಗೂ ಈಗ ಅಸ್ಸಾಮಿನವರು ಬಂದಿದ್ದಾರೆ. ಅವರಿಲ್ಲದೆ ಕೊಯ್ಲು ಇಲ್ಲ. ಆದರೆ ಊರಲ್ಲಿ ಗೊಣಗಾಟವೂ ಇದೆ. ಎರಡೂ ನಿಜ ಅಲ್ವಾ?
*ಕಾಫಿ ಬೆಳೆಗಾರ, ಮೂಡಿಗೆರೆ*

ಎರಡೂ ನಿಜ. ಕೇಳೋದು ತಪ್ಪಲ್ಲ ಸಾರ್. ಬಂದ 19 ಪತ್ರಗಳಲ್ಲಿ ನಿಮ್ಮದು ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿತು.

ಇಂಗ್ಲೆಂಡಿನ ಪೂರ್ವಕ್ಕೆ ಬಾಸ್ಟನ್ ಎಂಬ ಸಣ್ಣ ಊರಿದೆ. ಲಿಂಕನ್‌ಶೈರ್‌ನ ಚಪ್ಪಟೆ ನೆಲ. ಎಲೆಕೋಸು, ಹೂಕೋಸು, ಆಲೂಗಡ್ಡೆ. ಇಡೀ ದೇಶದಲ್ಲಿ ‘ಬಿಡೋಣ’ಕ್ಕೆ ಅತಿ ಹೆಚ್ಚು ಮತ ಬಿದ್ದದ್ದು ಅಲ್ಲಿ, 75.6 ಪರ್ಸೆಂಟ್. 2004ರ ಮೇ 1ರಂದು ಪೋಲೆಂಡ್, ಲಿಥುವೇನಿಯಾ ಸೇರಿ ಹತ್ತು ದೇಶಗಳು ಒಕ್ಕೂಟಕ್ಕೆ ಬಂದವು. ಜರ್ಮನಿ, ಫ್ರಾನ್ಸ್ ತಮ್ಮ ಕೆಲಸದ ಬಾಗಿಲನ್ನು ಕೆಲ ವರ್ಷ ಹಾಕಿಕೊಂಡವು. ಬ್ರಿಟನ್, ಐರ್ಲೆಂಡ್, ಸ್ವೀಡನ್ ಮಾತ್ರ ಮೊದಲ ದಿನವೇ ತೆರೆದವು. ವರ್ಷಕ್ಕೆ ಹೆಚ್ಚೆಂದರೆ 13,000 ಜನ ಬರಬಹುದು ಎಂದು ಬ್ರಿಟನ್ ಸರ್ಕಾರ ಲೆಕ್ಕ ಹಾಕಿತ್ತು. ಬಂದವರು ಅದರ ಎಷ್ಟೋ ಪಟ್ಟು. ಬಾಸ್ಟನ್‌ನ ಹೊಲಗಳಿಗೆ ಕೈ ಸಿಕ್ಕಿತು. ಜೊತೆಗೆ ಮನೆ ಬಾಡಿಗೆ ಏರಿತು. ಡಾಕ್ಟರ ಬಾಗಿಲಲ್ಲಿ ಸಾಲು ಉದ್ದ ಆಯ್ತು. ಶಾಲೆಯಲ್ಲಿ ಇಂಗ್ಲಿಷ್ ಬಾರದ ಮಕ್ಕಳು ತುಂಬಿದರು. ಲಾಭ ಜಮೀನಿನವರಿಗೆ, ಲಂಡನ್‌ಗೆ. ಇಕ್ಕಟ್ಟು ಊರಿನವರಿಗೆ. ಆ ಊರಿನವರು ಹತ್ತು ವರ್ಷ ಹೇಳಿದರು. ಯಾರೂ ಕಿವಿಗೊಡಲಿಲ್ಲ. ಕೇಳಿದವರನ್ನು ಕಿರಿಮನಸ್ಸಿನವರು ಎಂದರು. ಕೊನೆಗೆ ಅವರ ಕೈಗೆ ಒಂದು ಪೆನ್ಸಿಲ್ ಸಿಕ್ಕಿತು. ಅವರು ತುಂಬ ದಿನದ ಮಾತನ್ನೆಲ್ಲ ಆ ಒಂದು ಗುರುತಿನಲ್ಲಿ ಹೇಳಿದರು. ನಾನು ಅವರನ್ನು ದೂರಲಾರೆ.

ಆಮೇಲೆ ಏನಾಯ್ತು ಎಂಬುದನ್ನೂ ನೋಡಿ. ಎಲೆಕೋಸು ತಾನಾಗೇ ಕಟಾವು ಆಗೋದಿಲ್ಲ. 2019ರಲ್ಲಿ ಕೊಯ್ಲಿನ ಕಾಲಕ್ಕೆಂದೇ ಆರು ತಿಂಗಳ ವೀಸಾ ಶುರು ಮಾಡಿದರು. ಮೊದಲು 2,500. ಆಮೇಲೆ ಹತ್ತಾರು ಸಾವಿರ. ಈಗ ಆ ಹೊಲಗಳಿಗೆ ನೇಪಾಳ, ಇಂಡೋನೇಷ್ಯಾ, ಕಿರ್ಗಿಸ್ತಾನದಿಂದ ಜನ ಬರುತ್ತಾರೆ. ಆರು ತಿಂಗಳು ಮುಗಿದರೆ ಹೊರಡಬೇಕು. ಊರಿನವರ ಜೊತೆ ಮಾತು ಬೆಳೆಯುವಷ್ಟು ದಿನವೂ ಇಲ್ಲ. ಅಷ್ಟೇ ಅಲ್ಲ, ಇಡೀ ದೇಶಕ್ಕೆ ಬಂದವರಲ್ಲಿ ಹೋದವರನ್ನು ಕಳೆದರೆ, 2023ರ ಜೂನ್‌ವರೆಗಿನ ಒಂದು ವರ್ಷದಲ್ಲಿ ಅದು 9 ಲಕ್ಷ ದಾಟಿತು. ಬಿಡುವ ಮೊದಲು ಅಷ್ಟು ಯಾವತ್ತೂ ಇರಲಿಲ್ಲ.

ನಿಮ್ಮ ತೋಟದ ವಿಷಯ. ನಮ್ಮ ಅಪ್ಪನ ಕಾಲದಲ್ಲಿ ಘಟ್ಟದ ಕೆಳಗಿನವರು, ತಮಿಳುನಾಡಿನವರು ಬಂದು ಲೈನ್ ಮನೆಗಳಲ್ಲಿ ಇದ್ದರು. ಅವರನ್ನೂ ಹೊರಗಿನವರು ಎಂದೇ ಕರೆದಿದ್ದೆವು. ಅವರ ಮೊಮ್ಮಕ್ಕಳು ಈಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾರೆ. ಅಸ್ಸಾಮಿನಿಂದ ಬಂದವರ ಮಕ್ಕಳು ಯಾವ ಶಾಲೆಗೆ ಹೋಗುತ್ತಿದ್ದಾರೆ, ಅಲ್ಲಿ ಕನ್ನಡ ಕಲಿಸುವವರು ಇದ್ದಾರಾ, ಜ್ವರ ಬಂದರೆ ಊರಿನ ಆಸ್ಪತ್ರೆಯಲ್ಲಿ ಎಲ್ಲರಿಗೂ ಆಗುವಷ್ಟು ಔಷಧಿ ಇದೆಯಾ? ಊರಿನ ಗೊಣಗಾಟ ಇಲ್ಲಿಂದಲೇ ಶುರುವಾಗೋದು. ಬೆಳೆಗಾರರ ಸಂಘದ ಸಭೆಯಲ್ಲಿ ಕೂಲಿ ರೇಟಿನ ಜೊತೆಗೆ ಇದನ್ನೂ ಒಮ್ಮೆ ಎತ್ತಿ ನೋಡಿ. ನಾನೂ ಬಂದು ಕೂರುತ್ತೇನೆ.

ಬ್ರಿಟನ್ ಬಿಟ್ಟ ಹಾಗೆ ನಾಳೆ ಒಂದು ರಾಜ್ಯ ಭಾರತ ಬಿಡುತ್ತೇನೆ ಅನ್ನಬಹುದಾ?
*ಓದುಗ, ಅರಸೀಕೆರೆ*

ಆಗೋದಿಲ್ಲ. ಐರೋಪ್ಯ ಒಕ್ಕೂಟ ದೇಶದೇಶಗಳು ಒಪ್ಪಂದದಿಂದ ಕಟ್ಟಿಕೊಂಡದ್ದು. 2009ರಲ್ಲಿ ಜಾರಿಗೆ ಬಂದ ಲಿಸ್ಬನ್ ಒಪ್ಪಂದದ 50ನೇ ವಿಧಿಯಲ್ಲಿ ಬಿಡುವ ದಾರಿಯನ್ನೂ ಬರೆದಿದ್ದಾರೆ. ನಮ್ಮ ಸಂವಿಧಾನದ 1ನೇ ವಿಧಿಯಲ್ಲೂ ‘ರಾಜ್ಯಗಳ ಒಕ್ಕೂಟ’ ಎಂದಿದೆ. ಪದ ಒಂದೇ ಆದ್ದರಿಂದ ಗೊಂದಲ. ನಮ್ಮದು ರಾಜ್ಯಗಳ ನಡುವಿನ ಒಪ್ಪಂದದಿಂದ ಆದದ್ದಲ್ಲ, ಆದ್ದರಿಂದ ಯಾವ ರಾಜ್ಯಕ್ಕೂ ಬಿಡುವ ಹಕ್ಕಿಲ್ಲ ಎಂದು ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲೇ ಬಿಡಿಸಿ ಹೇಳಿದ್ದಾರೆ. ಪರೀಕ್ಷೆಗೆ ಓದುತ್ತಿದ್ದರೆ ಇಷ್ಟು ಸಾಕು.

ಸತ್ಯ ಗೊತ್ತಾದ ಮೇಲೆ ಎರಡನೇ ಸಲ ಮತ ಕೇಳಬೇಕಿತ್ತು. ಕೇಳಲಿಲ್ಲ ಯಾಕೆ?
*ಶಿಕ್ಷಕಿ, ಬೇಲೂರು*

ಕೇಳಿ ಎಂದವರು ಕಮ್ಮಿ ಇರಲಿಲ್ಲ. 2019ರ ಮಾರ್ಚ್‌ನಲ್ಲಿ, ಬಿಡುವ ನೋಟಿಸನ್ನೇ ವಾಪಸ್ ಪಡೆಯಿರಿ ಎಂಬ ಮನವಿಗೆ 60 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಲಂಡನ್ ಬೀದಿಗಳಲ್ಲಿ ಲಕ್ಷಗಟ್ಟಲೆ ಜನ ನಡೆದರು. ಬೇರೆಯವರು ಎರಡು ಸಲ ಕೇಳಿದ್ದೂ ಇದೆ. ಡೆನ್ಮಾರ್ಕ್ 1992ರಲ್ಲಿ ಒಂದು ಒಪ್ಪಂದಕ್ಕೆ ಬೇಡ ಅಂದು, ಕೆಲವು ವಿನಾಯಿತಿ ಸಿಕ್ಕ ಮೇಲೆ 1993ರಲ್ಲಿ ಹೂಂ ಅಂದಿತು. ಐರ್ಲೆಂಡ್ 2008ರಲ್ಲಿ ಬೇಡ, 2009ರಲ್ಲಿ ಹೂಂ. ಅಷ್ಟೇಕೆ, ಬ್ರಿಟನ್‌ನವರೇ 1973ರಲ್ಲಿ ಸೇರಿ, 1975ರಲ್ಲಿ ಒಮ್ಮೆ ಮತ ಹಾಕಿ ನೂರಕ್ಕೆ 67ರಷ್ಟು ಜನ ಇರೋಣ ಎಂದಿದ್ದರು. 2016ರದ್ದೇ ಒಂದು ರೀತಿಯಲ್ಲಿ ಎರಡನೇದು.

ಆದರೂ ಟೀಚರ್, ನಾನು ಇಲ್ಲಿ ನಿಮ್ಮ ಜೊತೆ ಪೂರ್ತಿ ಇಲ್ಲ. ಎರಡನೇ ಮತ ಬೇಕಿತ್ತು. ಆದರೆ ಅದನ್ನು ಮೊದಲನೇ ಮತಕ್ಕೆ ಮುಂಚೆಯೇ ಹೇಳಬೇಕಿತ್ತು. ‘ಈಗ ತಾತ್ವಿಕವಾಗಿ ಹೇಳಿ, ಪಟ್ಟಿ ಬರೆದ ಮೇಲೆ ಮತ್ತೆ ಕೇಳುತ್ತೇವೆ’ ಎಂದಿದ್ದರೆ ಬಾಸ್ಟನ್‌ನವರೂ ಒಪ್ಪುತ್ತಿದ್ದರು. ಸೋತ ಮೇಲೆ ಕೇಳಿದರೆ, ಗೆದ್ದವನಿಗೆ ಅದು ಆಟದ ನಿಯಮ ಬದಲಿಸಿದ ಹಾಗೇ ಕಾಣುತ್ತದೆ. 2019ರ ಡಿಸೆಂಬರ್ ಚುನಾವಣೆಯಲ್ಲಿ ಜಾನ್ಸನ್ ಅಷ್ಟು ದೊಡ್ಡದಾಗಿ ಗೆದ್ದದ್ದು ಇದರಿಂದಲೇ. ಇದೊಂದು ಮುಗಿದುಹೋಗಲಿ ಎಂದು ಇರೋಣದವರಲ್ಲೂ ಎಷ್ಟೋ ಜನ ಸುಸ್ತಾಗಿದ್ದರು. 2020ರ ಜನವರಿ 31ಕ್ಕೆ ಹೊರಬಂದರು.

ಮುದುಕರು ಸೇರಿ ಮಕ್ಕಳ ಭವಿಷ್ಯ ಹಾಳು ಮಾಡಿದರಂತೆ, ಹೌದಾ?
*ಎಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ*

65 ದಾಟಿದವರಲ್ಲಿ ನೂರಕ್ಕೆ ಸುಮಾರು 60 ಜನ ಬಿಡೋಣ ಎಂದರು, 18ರಿಂದ 24ರವರಲ್ಲಿ 70ಕ್ಕೂ ಹೆಚ್ಚು ಜನ ಇರೋಣ ಎಂದರು ಎನ್ನುತ್ತವೆ ಸಮೀಕ್ಷೆಗಳು. ಆದರೆ ವಯಸ್ಸಾದವರು ಮಕ್ಕಳ ಮೇಲಿನ ದ್ವೇಷದಿಂದ ಮತ ಹಾಕಿದರು ಅನ್ನೋದನ್ನು ನಾನು ಒಪ್ಪೋದಿಲ್ಲ. ತಮ್ಮ ದೇಶದ ಕಾನೂನು ತಮ್ಮ ಸಂಸತ್ತಿನಲ್ಲೇ ಆಗಬೇಕು ಅನ್ನೋದು ಅವರ ಆಸೆ. ಅದು ಸಣ್ಣ ಆಸೆ ಅಲ್ಲ. ಆ ವಯಸ್ಸಿನವರೂ ಇರೋಣ ಎಂದು ನೂರಕ್ಕೆ 40 ಜನ ಹೇಳಿದ್ದಾರೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಪ್ಪ.

ನಮ್ಮ ಕಾಫಿಗೆ ಇದರಿಂದ ಏನಾದರೂ ಆಯ್ತಾ?
*ಸಣ್ಣ ಬೆಳೆಗಾರ, ಕೊಪ್ಪ*

ಜಾಸ್ತಿ ಏನೂ ಇಲ್ಲ. ನಮ್ಮ ಕಾಫಿ ಹೆಚ್ಚು ಹೋಗೋದು ಇಟಲಿ, ಜರ್ಮನಿ, ಬೆಲ್ಜಿಯಂ ಕಡೆಗೆ. ಅವೆಲ್ಲ ಒಕ್ಕೂಟದ ಒಳಗೇ ಇವೆ. ನೀವು ನೋಡಬೇಕಾದದ್ದು ಕಾಡು ಕಡಿದು ಬೆಳೆದ ಕಾಫಿ ಕೊಳ್ಳುವುದಿಲ್ಲ ಎಂದು ಒಕ್ಕೂಟ 2023ರಲ್ಲಿ ಮಾಡಿದ ಕಾನೂನು. ಅದರ ಜಾರಿ ಮುಂದಕ್ಕೆ ಹೋಗಿದೆ ಅಂತ ಸುಮ್ಮನೆ ಕೂರಬೇಡಿ. ತೋಟದ ದಾಖಲೆ ಕಾಫಿ ಬೋರ್ಡಿನಲ್ಲಿ ಸರಿ ಮಾಡಿಸಿಕೊಳ್ಳಿ. ಬ್ರಿಟನ್ ಒಕ್ಕೂಟದ ಹೊರಗಿದ್ದದ್ದರಿಂದ ಭಾರತದ ಜೊತೆ ತಾನೇ ವ್ಯಾಪಾರ ಒಪ್ಪಂದ ಮಾಡಿಕೊಂಡಿತು, 2025ರ ಜುಲೈ 24ರಂದು ಸಹಿ ಆಯ್ತು. ಅದು ಬಿಟ್ಟಿದ್ದರಿಂದ ಆದ ಕೆಲಸ, ಅಷ್ಟನ್ನು ಒಪ್ಪಬೇಕು.

ಬಿಡೋದರ ಜಗಳ ಬರೆದಿರಿ. ಸೇರೋದಕ್ಕೂ ನಮ್ಮಲ್ಲಿ ಜಗಳ ಆಗಿತ್ತು. ಏಕೀಕರಣ ಬೇಡ ಎಂದು ನಮ್ಮ ತಂದೆಯವರೇ ಭಾಷಣ ಮಾಡಿದ್ದರು. ಈಗಿನವರಿಗೆ ಇದು ಗೊತ್ತೇ ಇಲ್ಲ.
*ನಿವೃತ್ತ ಮುಖ್ಯೋಪಾಧ್ಯಾಯರು, ಹೊಳೆನರಸೀಪುರ*

ನಮಸ್ಕಾರ ಮೇಷ್ಟ್ರೇ. ನಿಮ್ಮ ಪತ್ರ ಓದಿ ತುಂಬ ಸಂತೋಷ ಆಯ್ತು. ಹಳೇ ಮೈಸೂರಿನಲ್ಲಿ, ಹಾಸನದ ಕಡೆಯಂತೂ, ಬೇಡ ಎಂದವರು ಬಹಳ. ಕನ್ನಂಬಾಡಿ ಕಟ್ಟಿದ್ದು ನಾವು, ಶಿವನಸಮುದ್ರದಲ್ಲಿ ಕರೆಂಟ್ ತೆಗೆದದ್ದು ನಾವು, ಭದ್ರಾವತಿ ಕಾರ್ಖಾನೆ ನಮ್ಮದು, ಹಿಂದುಳಿದ ಭಾಗಗಳನ್ನು ಸೇರಿಸಿಕೊಂಡರೆ ಹೊರೆ ನಮ್ಮ ತಲೆಗೆ ಎಂಬ ವಾದ. ಬ್ರಿಟನ್‌ನವರು ‘ನಮ್ಮ ದುಡ್ಡು ಅವರಿಗೆ ಯಾಕೆ’ ಅಂದದ್ದು ಕೇಳಿದಾಗ ನನಗೆ ಇದೇ ನೆನಪಾಗಿದ್ದು. ಏಕೀಕರಣದ ಪರ ನಿಂತ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು 1956ರ ಆಗಸ್ಟ್‌ನಲ್ಲಿ ಕುರ್ಚಿ ಬಿಡಬೇಕಾಯ್ತು. ನವೆಂಬರ್ 1ಕ್ಕೆ ರಾಜ್ಯ ಒಂದಾದಾಗ ಅವರು ಆ ಕುರ್ಚಿಯಲ್ಲಿ ಇರಲಿಲ್ಲ. ಇದು ನನಗೆ ಯಾವಾಗಲೂ ನೋವಿನ ಸಂಗತಿ.

ನಾನು ಹುಟ್ಟಿದ್ದು ಅದೇ ವರ್ಷ ಫೆಬ್ರವರಿಯಲ್ಲಿ. ಹಳೇ ಮೈಸೂರಿನಲ್ಲಿ ಹುಟ್ಟಿ, ಒಂಬತ್ತು ತಿಂಗಳ ಕೂಸಾಗಿದ್ದಾಗ ಧಾರವಾಡ, ಕಲಬುರಗಿ, ಮಂಗಳೂರು, ಮಡಿಕೇರಿ ಎಲ್ಲ ನಮ್ಮದಾದವು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1. ಬ್ರಿಟನ್ ಯುರೋಪಿನ ಕೂಟಕ್ಕೆ ಸೇರಿದ್ದೂ ಅದೇ 1973, ಜನವರಿ 1. ನಿಮ್ಮ ತಂದೆಯವರ ಭಾಷಣದ ಪ್ರತಿ ಏನಾದರೂ ಇದ್ದರೆ ದಯವಿಟ್ಟು ಕಳಿಸಿ. ಬೇಡ ಅಂದವರ ಮಾತನ್ನೂ ನಾವು ಇಟ್ಟುಕೊಳ್ಳಬೇಕು.

ಹತ್ತು ವರ್ಷ ಆಗ್ತಾ ಬಂತು. ನಿಮ್ಮ ಅಳಿಯ ಈಗ ಏನಂತಾರೆ?
*ಇದನ್ನು ನಾಲ್ಕು ಜನ ಕೇಳಿದ್ದಾರೆ*

ಅಳಿಯನಿಗೇ ಫೋನ್ ಮಾಡಿ, ಬರೆಯಲಾ ಎಂದು ಕೇಳಿದೆ. ಬರೀರಿ ಅತ್ತೆ ಅಂದರು. ಅಲ್ಲಿನ ಸಮೀಕ್ಷೆಗಳಲ್ಲಿ ಈಗ ಅರ್ಧಕ್ಕಿಂತ ಜಾಸ್ತಿ ಜನ, ಬಿಟ್ಟಿದ್ದು ತಪ್ಪಾಯ್ತು ಅನ್ನುತ್ತಾರೆ. ಅಳಿಯ ಹಾಗೆ ಹೇಳಲಿಲ್ಲ. ಅವರ ಅಣ್ಣನ ಮಗಳು ಓದೋಕೆ ಹೋಗಿದ್ದಾಳೆ, ಓದು ಮುಗಿದ ಮೇಲೆ ಕೆಲಸ ಹುಡುಕೋಕೆ ವೀಸಾನೂ ಸಿಕ್ಕಿದೆ. ಅದು ಆಯ್ತಲ್ಲ ಅನ್ನುತ್ತಾರೆ. ಆದರೆ ‘ನಮಗೂ ಬಾಗಿಲು ತೆರೀಲಿ ಅಂತ ಹಾಕಿದೆ, ಪಕ್ಕದ ಮನೆಯವರ ಬಾಗಿಲು ಮುಚ್ಚಲಿ ಅಂತ ಅಲ್ಲ. ಚೀಟಿಯಲ್ಲಿ ಹಾಗೆ ಬರೆಯೋಕೆ ಜಾಗ ಇರಲಿಲ್ಲ’ ಎಂದರು. ಅವರ ತಾಯಿ ಲೆಸ್ಟರ್ ನೋಡದೆಯೇ 2018ರಲ್ಲಿ ತೀರಿಕೊಂಡರು.

ಪೋಲೆಂಡಿನ ಆಕೆ 2016ರ ಸೆಪ್ಟೆಂಬರ್‌ನಲ್ಲೇ ಮತ್ತೆ ಬಾಗಿಲು ತೆರೆದರು, ನಾನು ಊರಿಗೆ ಹೊರಡುವ ಹಿಂದಿನ ದಿನ. ಇಬ್ಬರೂ ಅಡುಗೆಮನೆಯಲ್ಲಿ ಕೂತು ನಮ್ಮ ಆಲ್ದೂರಿನ ಕಾಫಿ ಕುಡಿದೆವು. 2021ರಲ್ಲಿ ಅವರು ತಮ್ಮ ದೇಶಕ್ಕೆ ಹೋದರು. ನನ್ನ ಮೊಮ್ಮಗನ ಹುಟ್ಟುಹಬ್ಬಕ್ಕೆ ಪ್ರತಿ ಜೂನ್‌ನಲ್ಲೂ ಕಾರ್ಡ್ ಕಳಿಸುತ್ತಾರೆ. ಅದರಲ್ಲಿ ಅಳಿಯನಿಗೂ ಒಂದು ಸಾಲು ಇರುತ್ತದೆ.